ಹಗ್ಗದ ಮೇಲಿನ ಮಾಂಸಕ್ಕೆ ನಾಚುವವರು

ಬಕ್ರೀದ್ ಮುಗಿದ ಮರುದಿನ ಮಹಡಿಯ ಮೇಲೆ ಹಗ್ಗ ಕಟ್ಟಿ ಮಾಂಸ ಒಣಹಾಕುವ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಕಡಿಮೆಯಾಗುತ್ತಿವೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ವಾಸನೆ ಬರುತ್ತದೆ, ಪಕ್ಕದ ಮನೆಯವರು ಏನೆಂದುಕೊಂಡಾರು ಎಂಬುದು ಒಂದು. ಕಾಲ ಕೆಟ್ಟಿದೆ, ಯಾರದಾದರೂ ಕಣ್ಣಿಗೆ ಬಿದ್ದರೆ ರಗಳೆ ಎಂಬುದು ಎರಡು. ಮನೆಯಲ್ಲಿ ಫ್ರಿಜ್ ಇರುವಾಗ ಈ ಉಸಾಬರಿ ಯಾಕೆ ಎಂಬುದು ಮೂರು. ಈ ಮೂರರ ಹಿಂದೆ ನಾಲ್ಕನೆಯದೊಂದು ಅಡಗಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಣಮಾಂಸ ಬಡವರ ತಿನಿಸು, ನಾವೀಗ ಬಡವರಲ್ಲ!

ನನ್ನ ಜಗಳವಿರುವುದು ಈ ನಾಲ್ಕನೆಯ ಉತ್ತರದ ಜೊತೆ.

ಬಕ್ರೀದಿನ ದಿನಗಳಲ್ಲಿ ಪ್ರತಿ ಫರ್ಜ್ ನಮಾಜಿನ ಬಳಿಕ ನಾವು ಗಟ್ಟಿಯಾಗಿ 'ತಕ್ಬೀರೆ ತಶ್ರೀಕ್' ಹೇಳುತ್ತೇವೆ. ಹಬ್ಬದ ನಂತರದ ಮೂರು ದಿನಗಳಿಗೆ, ಅಂದರೆ ಜಿಲ್‌ಹಜ್ಜಿನ 11, 12, 13ಕ್ಕೆ, 'ಅಯ್ಯಾಮೆ ತಶ್ರೀಕ್' ಎಂದೇ ಹೆಸರು. ಈ 'ತಶ್ರೀಕ್' ಅಂದರೆ ಏನೆಂದು ಎಷ್ಟು ಜನ ಕೇಳಿಕೊಂಡಿದ್ದೇವೆ? ಅರಬ್ಬಿ ನಿಘಂಟುಕಾರರು ಕೊಡುವ ಅರ್ಥಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು, ಮಾಂಸವನ್ನು ಸೀಳಿ ಬಿಸಿಲಿಗೆ ಒಣಹಾಕುವುದು. ನಾಲಿಗೆಯ ಮೇಲೆ ಪವಿತ್ರವಾಗಿರುವ ಪದ ಮಹಡಿಯ ಮೇಲೆ ಮಾತ್ರ ಹೇಗೆ ಅಸಹ್ಯವಾಯಿತು?

ಇನ್ನೊಂದು ಮಾತು. ಇಬ್ನ್ ಮಾಜಾ ಅವರ ಹದೀಸ್ ಸಂಗ್ರಹದಲ್ಲಿ ಒಂದು ವರದಿಯಿದೆ. ಪ್ರವಾದಿ ಮುಹಮ್ಮದರ (ಸ) ಎದುರು ನಿಂತ ಒಬ್ಬ ಮನುಷ್ಯ ಭಯದಿಂದ ನಡುಗುತ್ತಿದ್ದನಂತೆ. ಅವನಿಗೆ ಸಮಾಧಾನ ಹೇಳುತ್ತ ಪ್ರವಾದಿಯವರು, ತಾನು ರಾಜನಲ್ಲ, 'ಕದೀದ್' ತಿನ್ನುತ್ತಿದ್ದ ಒಬ್ಬ ಹೆಂಗಸಿನ ಮಗ ಎಂದು ತಮ್ಮ ಪರಿಚಯ ಹೇಳಿಕೊಂಡರು. ಕದೀದ್ ಎಂದರೆ ಒಣಮಾಂಸ. ರಾಜತ್ವವನ್ನು ನಿರಾಕರಿಸಲು, ತಾನು ಸಾಮಾನ್ಯರಲ್ಲಿ ಸಾಮಾನ್ಯ ಎಂದು ಹೇಳಲು ಅವರಿಗೆ ಒದಗಿ ಬಂದದ್ದು ತಾಯಿಯ ಒಣಮಾಂಸ. ನಮಗೋ, ಅಮ್ಮಿ ಒಣಗಿಸಿದ ಮಾಂಸದ ಮಾತನ್ನು ಬೀಗರ ಮುಂದೆ ಎತ್ತಲೂ ಸಂಕೋಚ.

ಇದು ಮುಸ್ಲಿಮರೊಬ್ಬರ ಆಸ್ತಿಯೂ ಅಲ್ಲ. ಕನ್ನಡದಲ್ಲಿ ಇದಕ್ಕೆ 'ಉಪ್ಪುಕಂಡ' ಎಂಬ ಸೊಗಸಾದ ಹೆಸರಿದೆ. ದಲಿತ ಕೇರಿಗಳಲ್ಲಿ ಇದು 'ಕೊರಬಾಡು'. ಗಡಿಯಾಚೆ ಮರಾಠವಾಡದ ದಲಿತರಿಗೆ 'ಚಾನ್ಯಾ'. ನಮ್ಮ ದಖನಿಯಲ್ಲಿ 'ಸೂಖಾ ಗೋಶ್ತ್'. ಕೊಡಗಿನಲ್ಲಿ ಬಿಸಿಲು ಕಾಣದ ತಿಂಗಳುಗಳಿಗೆಂದು ಒಲೆಯ ಮೇಲೆ ಹೊಗೆಗೆ ಕಟ್ಟಿ ಮಾಂಸ ಒಣಗಿಸುತ್ತಿದ್ದರು. ಹಸಿವನ್ನು ಬಲ್ಲವರೆಲ್ಲ ಒಂದೇ ಪಾಠಶಾಲೆಯಲ್ಲಿ ಕಲಿತವರು. ಅವರಲ್ಲಿ ನಾವೂ ಒಬ್ಬರು ಎಂಬುದನ್ನು ಮರೆಯುವ ಅವಸರವೇ ಈ ನಾಚಿಕೆಯ ಮೂಲ.

ತಮಾಷೆಯೆಂದರೆ, ಅಮೆರಿಕದಿಂದ ಬಂದ ನೆಂಟರ ಪೆಟ್ಟಿಗೆಯಿಂದ 'ಜರ್ಕಿ' ಎಂಬ ಪೊಟ್ಟಣ ಹೊರಬಿದ್ದರೆ ಅದೇ ಜನ ಚೂರು ಚೂರೇ ಹಂಚಿಕೊಂಡು ಚಪ್ಪರಿಸುತ್ತಾರೆ. ಜರ್ಕಿ ಬಿಳಿಯರ ಪದವಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕೆಚುವಾ ಭಾಷೆಯ 'ಚಾರ್ಕಿ' ಸ್ಪ್ಯಾನಿಷ್ ಬಾಯಿಗೆ ಸಿಕ್ಕು ಇಂಗ್ಲಿಷಿಗೆ ಬಂದು ಜರ್ಕಿಯಾಯಿತು. ಅಮೆರಿಕದ ಬೇಟೆಗಾರರು ಶರತ್ಕಾಲದಲ್ಲಿ ಹೊಡೆದ ಜಿಂಕೆಯ ಮಾಂಸವನ್ನು ಸೋಯಾ ಸಾಸ್, ಕಂದು ಸಕ್ಕರೆ, ಮೆಣಸಿನಲ್ಲಿ ನೆನೆಸಿ ಮನೆಯಲ್ಲೇ ಒಣಗಿಸಿಕೊಳ್ಳುತ್ತಾರೆ. ದಕ್ಷಿಣ ಆಫ್ರಿಕದವರು ವಿನೆಗರ್ ಮತ್ತು ಕೊತ್ತಂಬರಿ ಬೀಜ ಹಚ್ಚಿ ಬಿಲ್ಟಾಂಗ್ ಮಾಡುತ್ತಾರೆ. ನಮ್ಮಲ್ಲಿ ಜಿಂಕೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಆ ಮಾತು ಬೇಡ. ಆದರೆ ವಿದ್ಯೆ ಒಂದೇ. ಅದು ಹೊರದೇಶದ ಹೆಸರು ಹೊತ್ತು ಬಂದರೆ ನಾಗರಿಕತೆ, ದಾದಿಮಾ ಕೈಯಿಂದ ಬಂದರೆ ದರಿದ್ರ!

ವಿದ್ಯೆ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಕುರಿಯದಾಗಲಿ ಮೇಕೆಯದಾಗಲಿ ತೊಡೆಯ ಕೆಂಪು ಮಾಂಸವೇ ಆಗಬೇಕು. ಕೊಬ್ಬನ್ನು ಒಂದಿಷ್ಟೂ ಬಿಡದೆ ತೆಗೆಯಬೇಕು, ಯಾಕೆಂದರೆ ಕೊಬ್ಬು ಒಣಗುವುದಿಲ್ಲ, ಕಮಟು ಹಿಡಿಯುತ್ತದೆ. ತುಂಡನ್ನು ಪೂರ್ತಿ ಕತ್ತರಿಸದೆ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಸೀಳುತ್ತ ಉದ್ದನೆಯ ಪಟ್ಟಿಯಾಗಿ ಬಿಚ್ಚಬೇಕು. ಇದಕ್ಕೆ ವರ್ಷಗಳ ಕೈಪಳಗಿಕೆ ಬೇಕು. ಕಿಲೋ ಮಾಂಸಕ್ಕೆ ಸುಮಾರು 40 ಗ್ರಾಮ್ ಉಪ್ಪು, ಅರಿಸಿನ, ಖಾರದ ಪುಡಿ, ಅರೆದ ಶುಂಠಿ-ಬೆಳ್ಳುಳ್ಳಿ, ಹುಳಿಗೆ ನಿಂಬೆರಸ ಅಥವಾ ವಿನೆಗರ್. ತಂಪಾದ ಕಡೆ ಒಂದು ರಾತ್ರಿ ನೆನೆಯಬೇಕು. ಉಪ್ಪು ಮಾಂಸದೊಳಗಿನ ನೀರನ್ನು ಹೊರಗೆಳೆಯುತ್ತದೆ, ಹುಳಿ ಕೊಳೆಸುವ ಜೀವಾಣುಗಳನ್ನು ತಡೆಯುತ್ತದೆ, ಮಿಕ್ಕ ನೀರನ್ನು ಬಿಸಿಲು ಹೀರುತ್ತದೆ. ಮಾಂಸದ ಮುಕ್ಕಾಲು ಪಾಲು ನೀರೇ. ಅದು ಹೋದ ಮೇಲೆ ಉಳಿಯುವುದು ಸಾರ.

ಹಗ್ಗಕ್ಕೆ ಹಾಕಿದ ಮೇಲೆ ನೊಣ ಕೂರದಂತೆ ಮಲ್‌ಮಲ್ ಬಟ್ಟೆ ಹೊದಿಸಬೇಕು. ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ಮೂರು-ನಾಲ್ಕು ದಿನ ಸುಡುಬಿಸಿಲು ಬೇಕು. ಬಾಗಿಸಿದರೆ ಚಟ್ಟನೆ ಸೀಳುವಂತಾದಾಗ ಡಬ್ಬಿಗೆ ಸೇರಬೇಕು, ಆಗಾಗ ಮತ್ತೆ ಬಿಸಿಲು ಕಾಣಬೇಕು. ಮಳೆಗಾಲದಲ್ಲಿ ಒಂದು ತುಂಡನ್ನು ಕೆಂಡದಲ್ಲಿ ಸುಟ್ಟು, ಕಲ್ಲಿನಲ್ಲಿ ಜಜ್ಜಿ, ಪುಂಡಿಪಲ್ಯಕ್ಕೋ ದಾಲ್ಚಾಕ್ಕೋ ಹಾಕಿದರೆ ಒಂದು ಹಿಡಿ ಮಾಂಸ ಎಂಟು ಜನರ ಅನ್ನಕ್ಕೆ ರುಚಿ ಕೊಡುತ್ತಿತ್ತು. ಇಷ್ಟು ಬಲ್ಲ ಹೆಂಗಸನ್ನು ನಾವು ಓದುಬರಹ ಇಲ್ಲದವಳು ಎಂದು ಕರೆದೆವು.

ಈಗ ಆ ಮೂರು ಉತ್ತರಗಳಿಗೆ ಬರೋಣ. ಕೊಬ್ಬು ತೆಗೆದು ಸರಿಯಾಗಿ ಉಪ್ಪು ಹಾಕಿ ಒಣಗಿಸಿದ್ದು ನಾರುವುದಿಲ್ಲ. ನಾರಿದರೆ ಕೆಲಸ ಕೆಟ್ಟಿದೆ ಎಂದರ್ಥ. ಶುಚಿಯ ಪ್ರಶ್ನೆ ಮಾತ್ರ ನಿಜವಾದದ್ದು, ಅದನ್ನು ಹಳೆಯ ಹೆಮ್ಮೆಯಿಂದ ತಳ್ಳಿಹಾಕಬಾರದು. ಒಣಗಿಸುವ ಮೊದಲು ಮಾಂಸದ ಒಳಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂದು ಅಮೆರಿಕದ ಕೃಷಿ ಇಲಾಖೆ ಜರ್ಕಿ ಮಾಡುವವರಿಗೆ ಹೇಳುತ್ತದೆ. ನೆನೆಸಿದ ಪಟ್ಟಿಗಳನ್ನು ಅದೇ ಮಸಾಲೆಯಲ್ಲಿ ಚೆನ್ನಾಗಿ ಕುದಿಸಿ ತೆಗೆದು ಒಣಹಾಕಿದರೆ ಇದು ಸಾಧ್ಯ. ತಿನ್ನುವ ಮೊದಲು ಮತ್ತೆ ಬೇಯಿಸುವುದಂತೂ ನಮ್ಮ ಪದ್ಧತಿಯಲ್ಲಿ ಇದ್ದೇ ಇದೆ. ಮೋಡದ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು.

ಇನ್ನು ಭಯ. ಇದನ್ನು ನಗೆಯಾಡುವಂತಿಲ್ಲ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಹಸು, ಎತ್ತು, ಹೋರಿ, ಕರುಗಳ ವಧೆಗೆ 3ರಿಂದ 7 ವರ್ಷ ಸೆರೆವಾಸ ಇಟ್ಟಿದೆ. ಹೀಗಿರುವಾಗ ಹಗ್ಗದ ಮೇಲಿನ ಕುರಿಮಾಂಸವೂ ಅನುಮಾನದ ವಸ್ತುವಾಗುತ್ತದೆ. ಆದರೆ ಬಚ್ಚಿಟ್ಟರೆ ಉಳಿಯುತ್ತೇವೆಂಬ ನಂಬಿಕೆ ಎಷ್ಟು ಗಟ್ಟಿ? 2015ರ ಸೆಪ್ಟೆಂಬರ್ 28ರ ರಾತ್ರಿ ದಾದ್ರಿ ಬಳಿಯ ಬಿಸಾಹಡಾ ಗ್ರಾಮದಲ್ಲಿ ಮೊಹಮ್ಮದ್ ಅಖ್ಲಾಕ್ ಅವರನ್ನು ಕೊಂದವರಿಗೆ ನೆಪವಾದದ್ದು ಹಗ್ಗದ ಮೇಲಿನ ಮಾಂಸವಲ್ಲ, ಫ್ರಿಜ್ಜಿನೊಳಗಿನ ಮಾಂಸ. ದ್ವೇಷಕ್ಕೆ ಫ್ರಿಜ್ಜಿನ ಬಾಗಿಲು ಅಡ್ಡಿಯಲ್ಲ. ಕಾನೂನಿನೊಳಗೆ ತಿನ್ನುವುದನ್ನು ತಲೆಯೆತ್ತಿ ತಿನ್ನುವುದಷ್ಟೇ ನಮ್ಮ ಕೈಯಲ್ಲಿದೆ.

ಕೊನೆಗೆ ಫ್ರಿಜ್. ಅದು ಹೆಂಗಸರ ಹೊರೆ ಇಳಿಸಿತು ಎಂಬ ವಾದವನ್ನು ಗೌರವಿಸುತ್ತೇನೆ. ಗಂಡಸರು ಕುರ್ಬಾನಿ ಕೊಟ್ಟು ಕೈ ತೊಳೆದುಕೊಂಡ ಮೇಲೆ ಸೀಳುವುದು, ಅರೆಯುವುದು, ಕಾಗೆ ಕಾಯುವುದು ಎಲ್ಲ ಅವರ ಪಾಲಿಗೇ ಬಿತ್ತು. ಇದಕ್ಕೆ ಪರಿಹಾರ ಗಂಡಸರೂ ಚಾಕು ಹಿಡಿಯುವುದು, ವಿದ್ಯೆಯನ್ನೇ ಹೂಳುವುದಲ್ಲ. ಫ್ರಿಜ್ ಇಳಿಸಿದ್ದು ಹೊರೆಯನ್ನು ಮಾತ್ರವೂ ಅಲ್ಲ, ಬಡವರ ಪಾಲನ್ನು ಕೂಡ. ಹಿಂದೆ ತಿಂದು ಮಿಕ್ಕದ್ದನ್ನು ಒಣಗಿಸಲು ಶ್ರಮ ಬೇಕಿತ್ತು, ಒಣಗಿಸಲಾಗದಷ್ಟು ಮಾಂಸ ತಾನಾಗಿ ಹೊಸಿಲು ದಾಟುತ್ತಿತ್ತು. ಈಗ ಎಷ್ಟಿದ್ದರೂ ಒಳಗೆ ತುರುಕಿ ಬಾಗಿಲು ಮುಚ್ಚಬಹುದು. ಕುರ್ಬಾನಿಗೆಂದೇ ಡೀಪ್ ಫ್ರೀಜರ್ ಕೊಳ್ಳುವವರೂ ಇದ್ದಾರೆ!

ಮಾಂಸ ಕೂಡಿಡುವುದು ತಪ್ಪಲ್ಲ. ಆದರೆ ಆ ಅನುಮತಿಯ ಹಿಂದಿನ ಕಥೆ ತಿಳಿಯಬೇಕು. ಒಂದು ವರ್ಷ ಹಸಿದ ಮರುಭೂಮಿಯ ಜನ ಮದೀನಾಕ್ಕೆ ಬಂದಾಗ, ಕುರ್ಬಾನಿಯ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಪ್ರವಾದಿಯವರು ತಡೆದರು. ಆ ಕಷ್ಟ ಕಳೆದ ಮೇಲೆ ತಿನ್ನಿ, ಕೂಡಿಡಿ, ದಾನ ಮಾಡಿ ಎಂದು ಸಡಿಲಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಆಯಿಷಾ ಅವರ ಮಾತಾಗಿ ಇದು ದಾಖಲಾಗಿದೆ. ಅಂದರೆ ಅನುಮತಿ ಬಂದದ್ದು ಊರಿನ ಹಸಿವು ಇಂಗಿದ ಮೇಲೆ. ನಮ್ಮ ಊರಿನ ಹಸಿವು ಇಂಗಿದೆಯೆ? ಫ್ರಿಜ್ಜೇ ಇಲ್ಲದ ಮನೆಗೆ ಹಸಿಮಾಂಸ ಕೊಟ್ಟರೆ ಅದು ಎರಡು ಹೊತ್ತಿನ ಊಟ. ಒಣಗಿಸಿ ಕೊಟ್ಟರೆ ತಿಂಗಳ ಆಸರೆ.

1990ರ ದಶಕದ ನಡುವಿನ ನಂತರ ಬಕ್ರೀದ್ ಏಪ್ರಿಲ್-ಮೇ ತಿಂಗಳಿನಿಂದ ಹಿಂದೆ ಸರಿಯುತ್ತ ಚಳಿ, ಮಳೆಗಳನ್ನು ಸುತ್ತಿ, 2023ರಿಂದ 2025ರವರೆಗೆ ಜೂನ್‌ನಲ್ಲಿ ಬಂತು. 2026ರಿಂದ ಅದು ಮತ್ತೆ ಮೇ ತಿಂಗಳದ್ದು, 2030ರ ಹೊತ್ತಿಗೆ ಏಪ್ರಿಲ್‌ನದ್ದು. ಈ ವಿದ್ಯೆಗೆ ಬೇಕಾದ ಬಿಸಿಲು ಒಂದು ತಲೆಮಾರಿನ ನಂತರ ಹಬ್ಬಕ್ಕೆ ಮರಳಿದೆ. ಬಲ್ಲ ಖಾಲಾಗಳು ಇನ್ನೂ ಬದುಕಿದ್ದಾರೆ. ಹೋಗಿ ಕಲಿಯಿರಿ. ಮೊದಲು ಬಡವರ ಪಾಲು ಅಳೆದು ಕೊಡಿ, ಆಮೇಲೆ ಹಗ್ಗ ಕಟ್ಟಿ. ನಾಚಿಕೆಯಾಗುವುದಾದರೆ ತುಂಬಿ ತುಳುಕುವ ಫ್ರೀಜರ್ ಕಂಡು ಆಗಲಿ.