ರಾಜ್ಯಶಾಸ್ತ್ರಕ್ಕೂ ಟ್ಯೂಷನ್ ಅಂತೆ!

ಲೆಕ್ಕಕ್ಕೆ ಟ್ಯೂಷನ್, ಸೈನ್ಸಿಗೆ ಟ್ಯೂಷನ್ ಅಂದಾಗ ನಾನು ಬಾಯಿ ಬಿಡಲಿಲ್ಲ. ನಮಗೆ ಬಾರದ್ದು, ಬಲ್ಲೋರು ಹೇಳಿಕೊಡಲಿ ಬಿಡು ಅಂದ್ಕೊಂಡೆ. ಈಗ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಆರ್ಟ್ಸ್ ಮಕ್ಕಳನ್ನೂ ಇತಿಹಾಸಕ್ಕೆ, ರಾಜ್ಯಶಾಸ್ತ್ರಕ್ಕೆ ಅಂತ ಟ್ಯೂಷನ್ನಿಗೆ ಕಳಿಸೋದು ಶುರುವಾಗೈತೆ. ಮುಂದೆ ಲಾ ಓದಬೇಕು ಅನ್ನೋರಿಗೆ ಸಂವಿಧಾನ, ಕಾನೂನು ಅಂತ ಬೇರೇನೇ ಬ್ಯಾಚು. ಕೊಬ್ಬರಿ ಮಾರಿದ ದುಡ್ಡು, ಡೈರಿ ಬಟವಾಡೆ, ಅದೂ ಸಾಲದಿದ್ರೆ ಸಂಘದ ಸಾಲ, ಎಲ್ಲ ಅಲ್ಲಿಗೇ. ಕಳಿಸದಿದ್ರೆ ಮಗೂಗೆ ಉಣ್ಣಾಕಿಕ್ಕದೇ ಇಟ್ಟಂಗೆ ನೋಡ್ತಾರೆ ಜನ.

ಹೇಳಿಕೊಡೋರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಎಷ್ಟೋ ಜನ ಅತಿಥಿ ಉಪನ್ಯಾಸಕರು. ಹಗಲು ಕಾಲೇಜಲ್ಲಿ ಪಾಠ ಮಾಡಿ, ಸಂಬಳ ಯಾವಾಗ ಬರುತ್ತೋ ಅಂತ ಕಾಯ್ಕೊಂಡು, ಸಂಜೆ ಮನೇಲಿ ನಾಲ್ಕು ಮಕ್ಕಳಿಗೆ ಹೇಳಿ ಅಕ್ಕಿ ಬೇಳೆ ತರೋರು. ಮಕ್ಕಳು ಹೋಗೋದಕ್ಕೂ ಕಾರಣ ಐತೆ, ಎಷ್ಟೋ ಕಾಲೇಜಲ್ಲಿ ಮೇಷ್ಟ್ರ ಜಾಗ ಖಾಲಿ. ಯಾಕೆ ಖಾಲಿ ಅಂತ ನಾಲ್ಕು ಜನ ಸೇರಿ ಹೋಗಿ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ. ಫೀಸು ಕಟ್ಟೋಕೆ ಮಾತ್ರ ಸಾಲು ನಿಂತೈತೆ.

ನನ್ನ ಜಗಳ ಆ ಜೆರಾಕ್ಸ್ ನೋಟ್ಸ್ ಜೊತೆ. ಎರಡು ಅಂಕಕ್ಕೆ ಎರಡು ಸಾಲು, ಐದು ಅಂಕಕ್ಕೆ ಐದು ಪಾಯಿಂಟು. ನಮ್ಮ ತರೀಕೆರೆ ಬೀದೀಲಿ ಒಂದು ಹುಡುಗಿ ಸಂಜೆ ಜಗಲಿ ಮೇಲೆ ಕೂತು ಮಾರ್ಕ್ ಕಬ್ಬನ್‌ನ ಸುಧಾರಣೆಗಳನ್ನ ಗಟ್ಟು ಹೊಡೀತಿರ್ತಾಳೆ. ಅಲ್ಲ ಕಣೆ, ಆ ಬಿಳಿಯ ಮೈಸೂರಿಗೆ ಯಾಕೆ ಬಂದ ಅಂತ ಕೇಳಿದೆ. "ಅದು ಇಂಪಾರ್ಟೆಂಟ್ ಅಲ್ಲ ದೊಡ್ಡಮ್ಮ, ನೋಟ್ಸಲ್ಲಿ ಬಿಟ್ಟವ್ರೆ" ಅಂದ್ಲು.

1830ರಲ್ಲಿ ನಗರದ ಕಡೆ ರೈತರು ಕಂದಾಯದ ಕಾಟ ತಡೀಲಾರದೆ ದಂಗೆ ಎದ್ರು. ನಮ್ಮ ತರೀಕೆರೆ ಪಾಳೇಗಾರರ ಮನೆತನದ ರಂಗಪ್ಪನಾಯಕನೂ ಅದರಲ್ಲಿ ಸೇರಿದ. ಅದನ್ನೇ ನೆಪ ಮಾಡ್ಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ಕೊಂಡು ಕಮಿಷನರ್ ಕೂರಿಸಿದ್ರು. ಒಡೆಯರ ಮನೆಗೆ ಅಧಿಕಾರ ವಾಪಸ್ ಬರೋ ಹೊತ್ತಿಗೆ 1881 ಆಗಿತ್ತು. ಕಬ್ಬನ್ ಬಂದ ದಾರೀಲಿ ನಮ್ಮೂರು ಐತೆ ಕಣ್ರೀ! ತರೀಕೆರೆ ಹುಡುಗಿಗೆ ತರೀಕೆರೆ ಇಂಪಾರ್ಟೆಂಟ್ ಅಲ್ಲ. ಹೊಯ್ಸಳ ಶಿಲ್ಪದ ಲಕ್ಷಣಾನೂ ಅಷ್ಟೇ. 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ ಇಲ್ಲೇ ಅಮೃತಾಪುರದಲ್ಲೈತೆ, ಅಲ್ಲಿನ ಶಾಸನಕ್ಕೆ ಪದ್ಯ ಬರೆದೋನು ಜನ್ನ ಕವಿ. ಒಂದು ಭಾನುವಾರ ಬಸ್ಸಿಗೆ ಹತ್ತಿಸಿದ್ರೆ ಮುಗೀತು. ಭಾನುವಾರ ಸ್ಪೆಷಲ್ ಕ್ಲಾಸ್ ಅಂತೆ.

ಕಡೂರಿನ ಮಕ್ಕಳನ್ನ ಇನ್ನೊಂದು ಕೇಳಿ ನೋಡ್ರಿ. ಜಿಲ್ಲೆ ಚಿಕ್ಕಮಗಳೂರು, ಎಂಪಿ ಓಟು ಮಾತ್ರ ಹಾಸನ ಕ್ಷೇತ್ರಕ್ಕೆ. ತರೀಕೆರೆ, ಅಜ್ಜಂಪುರದ ನಾವು ಉಡುಪಿ-ಚಿಕ್ಕಮಗಳೂರಿಗೆ ಹಾಕ್ತೀವಿ. ಈ ಗೆರೆ ಎಳೆದೋರು ಯಾರು, ಯಾತಕ್ಕೆ? ಕ್ಷೇತ್ರ ಪುನರ್ವಿಂಗಡಣೆ ಅನ್ನೋ ಪದ ಬಾಯಿಪಾಠ ಬರುತ್ತೆ, ಸ್ವಂತ ಓಟು ಎಲ್ಲಿಗೆ ಹೋಗುತ್ತೆ ಅನ್ನೋದು ಗೊತ್ತಿರಲ್ಲ.

ಇದಾದ್ರೂ ಸಹಿಸ್ಬೋದು. ಹೊಟ್ಟೆ ಉರಿಯೋದು ಕಾನೂನಿನ ವಿಷಯಕ್ಕೆ. ಅದೇ ಹುಡುಗಿ ಸಮಾನತೆಯ ಹಕ್ಕು 14ರಿಂದ 18ನೇ ವಿಧಿ ಅಂತ ನಿದ್ದೇಲಿ ಎಬ್ಬಿಸಿದ್ರೂ ಹೇಳ್ತಾಳೆ. ಮೊನ್ನೆ ಅವರ ತಾತ ತೀರಿಕೊಂಡ್ರು. ಪೌತಿ ಖಾತೆಗೆ ಅಂತ ವಂಶವೃಕ್ಷ ಬರೆಸೋವಾಗ ಗಂಡುಮಕ್ಕಳ ಹೆಸರು ಮಾತ್ರ ಹಾಕಿದ್ರು, ಇಬ್ಬರು ಹೆಣ್ಣುಮಕ್ಕಳನ್ನ ಬಿಟ್ರು. ಬರೆದೋಳು ಯಾರು ಅಂತೀರಿ? ಈ ಹುಡುಗೀನೇ, ಅಕ್ಷರ ದುಂಡಗೈತೆ ಅಂತ! ನಿಮ್ಮ ಅತ್ತೆದೀರ ಹೆಸರೆಲ್ಲವ್ವ ಅಂದ್ರೆ "ಅವರಿಗೆ ಮದ್ವೆ ಆಗೈತಲ್ಲ ದೊಡ್ಡಮ್ಮ" ಅಂತಾಳೆ. 14ನೇ ವಿಧಿ ಆ ಹಾಳೆ ಹತ್ರಾನೂ ಸುಳೀಲಿಲ್ಲ.

ತಾತ ಸ್ವಂತ ದುಡಿದು ಮಾಡಿದ ಆಸ್ತಿ ಆದ್ರೆ, ವಿಲ್ ಬರೀದೆ ಹೋದಾಗ ಮಗಳಿಗೂ ಮಗನಷ್ಟೇ ಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆನೇ ಹೇಳುತ್ತೆ. ಪಿತ್ರಾರ್ಜಿತಕ್ಕೆ ನಮ್ಮ ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಹಕ್ಕು ಬಂತು, ಆದ್ರೆ ಅಷ್ಟರೊಳಗೆ ಮದ್ವೆ ಆಗಿದ್ದೋರನ್ನ ಹೊರಗಿಟ್ರು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡೀಲಿ ಆ ಮದ್ವೆ ಷರತ್ತೇ ಇಲ್ಲ. ಆ ದಿನ ಅಪ್ಪ ಬದುಕಿರಬೇಕು ಅಂತಾನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಇಷ್ಟು ಹೇಳೋಕೆ ಅರ್ಧ ಗಂಟೆ ಸಾಕು. ವರ್ಷಗಟ್ಟಲೆ ಫೀಸು ಇಸ್ಕೊಂಡೋರಿಗೆ ಆ ಅರ್ಧ ಗಂಟೆ ಸಿಗಲಿಲ್ಲ, ಯಾಕಂದ್ರೆ ಅದು ಪ್ರಶ್ನೆಪತ್ರಿಕೇಲಿ ಬರಲ್ಲ.

ನಾನೇ ಅವರತ್ತೆದೀರಿಗೆ ಫೋನ್ ಮಾಡಿ ಹೇಳಿದೆ. ಊರವರ ಬಾಯಿಗೆ ಬೀಳ್ತೀನಿ ಅಂತ ಗೊತ್ತಿದ್ದೇ ಮಾಡಿದ್ದು. ದೊಡ್ಡೋಳು ತಕರಾರು ಅರ್ಜಿ ಕೊಡ್ತೀನಿ ಅಂದ್ಲು. ಚಿಕ್ಕೋಳು, ತವರಿನ ಬಾಗಿಲು ಮುಚ್ಚಿ ಹೋಗುತ್ತೆ, ಗೌರಿ ಹಬ್ಬಕ್ಕೆ ಬಾಗಿನ ಕೊಡೋರೂ ಇರಲ್ಲ, ಬೇಡ ಅಂದ್ಲು. ಅದು ಅವಳಿಷ್ಟ. ಬಿಡೋದಾದ್ರೆ ಗೊತ್ತಿದ್ದು ಬಿಡಲಿ. ಒಂದು ಸೀರೆ, ಅರಿಶಿನ-ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸ್ಕೊಳ್ಳೋ ಮನೆಗಳು ನಮ್ಮಲ್ಲಿ ಕಮ್ಮಿ ಇಲ್ಲ. ಆ ಸಹಿ ಹಾಕೋರಲ್ಲಿ ಡಿಗ್ರಿ ಮಾಡಿದೋರೂ ಅವ್ರೆ.

"ಮಾರ್ಕ್ಸ್ ಬೇಡ್ವೇನಕ್ಕ?" ಅಂತ ಕೇಳ್ತೀರಿ. ಬೇಕು. ನಾನೂ ಪಿಯುಸಿ ಆರ್ಟ್ಸ್ ಓದಿದೋಳೇ, ಮಾರ್ಕ್ಸಿನ ಬೆಲೆ ಗೊತ್ತು. ಈಗ ನೂರರಲ್ಲಿ 80 ಪರೀಕ್ಷೇಲಿ ಬರೆಯೋದು, 20 ಕಾಲೇಜಲ್ಲೇ ಕೊಡೋದು. ಆ ಇಪ್ಪತ್ತಿಗೆ ಅಂತ ಮಾಡೋ ಪ್ರಾಜೆಕ್ಟನ್ನೂ ಅಂಗಡೀಲಿ ಪ್ರಿಂಟ್ ತೆಗೆಸಿ, ಬಣ್ಣದ ರಟ್ಟು ಹಾಕಿ ಕೊಡ್ತಾರೆ. ಅದರ ಬದಲು ನಿಮ್ಮದೇ ಜಮೀನಿನ ಹಳೇ ಪಹಣಿ, ಈಗಿನ ಪಹಣಿ ಎರಡೂ ತೆಗೆಸಿಕೊಡಿ. ಯಾರ ಹೆಸರು ಬಂತು, ಯಾರದ್ದು ಹೋಯ್ತು, ಯಾವ ವರ್ಷ, ಯಾವ ಕಾಗದದ ಮೇಲೆ ಅಂತ ಮಗು ಹುಡುಕಿ ಬರೀಲಿ. ನಾಡಕಚೇರಿಗೆ ಬೇಕಾದ್ರೆ ನಾನೇ ಜೊತೇಲಿ ಬರ್ತೀನಿ, ಸೋಮವಾರ ಸಂತೆ ಕೆಲಸ ಇರುತ್ತೆ, ಮಂಗಳವಾರ ಆಗ್ಬೋದು.