ಚಳಿಗಾಲದ ಮುಖಗವಸು: ಅಲಂಕಾರವೋ, ಆವಶ್ಯಕತೆಯೋ?



ಕಳೆದ ವರುಷ ಮಾರ್ಗಶಿರ ಮಾಸದ ಚಳಿಯು ನಮ್ಮ ಧಾರವಾಡ ಸೀಮೆಯಲ್ಲಿ ಕಾಲಿಟ್ಟಾಗ ನಾನು ಶಾಲೆಯಲ್ಲಿ ಒಂದು ಆಜ್ಞೆಯನ್ನು ಹೊರಡಿಸಿದೆನು. ಮುಖಗವಸನ್ನು, ಅಂದರೆ ಜನರು ಸಾಮಾನ್ಯವಾಗಿ ಮಾಸ್ಕ್ ಎಂದು ಕರೆಯುವ ವಸ್ತ್ರವನ್ನು, ಕಟ್ಟಿಕೊಂಡು ಬರುವ ಹುಡುಗಿಯರು ಬಿಳಿಯದನ್ನೇ ಕಟ್ಟಿಕೊಳ್ಳತಕ್ಕದ್ದು. ಬಣ್ಣದ್ದು, ಹೂವಿನದು, ಕಸೂತಿಯದು ಕೂಡದು ಎಂಬುದೇ ಆ ಆಜ್ಞೆ. ಮೂರು ವಾರಗಳು ಕಳೆಯುವಷ್ಟರಲ್ಲಿ ಅದನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆನು. ಏತಕ್ಕೆ ಹೊರಡಿಸಿದೆನು, ಏತಕ್ಕೆ ಹಿಂತೆಗೆದೆನು ಎಂಬುದನ್ನು ಈ ಸಂಚಿಕೆಯ ಮೂಲಕ ತಮಗೆ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಯಾಕಂದರೆ ಆಗ ನನ್ನನ್ನು ಬೆಂಬಲಿಸಿದ ಪೋಷಕರಲ್ಲಿ ಕೆಲವರಿಗೆ ನನ್ನ ಮನಸ್ಸು ಬದಲಾದುದು ಇಂದಿಗೂ ಸಮಾಧಾನವನ್ನುಂಟುಮಾಡಿಲ್ಲ.

ಆಜ್ಞೆಗೆ ಕಾರಣವಿಲ್ಲದಿರಲಿಲ್ಲ. 2020ನೆಯ ಇಸವಿಯಲ್ಲಿ ಕೋವಿಡ್ ಪಿಡುಗು ಬಂದಾಗ ಮುಖಗವಸು ನಮ್ಮೆಲ್ಲರ ಮನೆಗಳನ್ನು ಪ್ರವೇಶಿಸಿತು. ಆ ವರುಷ ಜೂನ್ 25ರಂದು ಎಸ್.ಎಸ್.ಎಲ್.ಸಿ. ಪರೀಕ್ಷೆ ಆರಂಭವಾದಾಗ ನಾಡಿನ ಮಕ್ಕಳೆಲ್ಲರೂ ಮೂಗುಬಾಯಿ ಮುಚ್ಚಿಕೊಂಡೇ ಉತ್ತರ ಬರೆದುದನ್ನು ತಾವು ಮರೆತಿರಲಾರಿರಿ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಆ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಕಡ್ಡಾಯವು ಹೋಯಿತು, ಆದರೆ ಅಭ್ಯಾಸವು ಪೂರ್ತಿಯಾಗಿ ಹೋಗಲಿಲ್ಲ. ಚಳಿ ಬಂದೊಡನೆ ಹಲವು ಹುಡುಗಿಯರು ಮತ್ತೆ ಗವಸನ್ನು ಕಟ್ಟಿಕೊಂಡು ಬರತೊಡಗಿದರು. ಅಂಗಡಿಯವರು ಇದನ್ನು ಬಲ್ಲರು. ಉಡುಪಿಗೆ ಒಪ್ಪುವ ಗವಸು, ಮಣಿ ಪೋಣಿಸಿದ ಗವಸು, ಜರಿಯಂಚಿನ ಗವಸು ಹೀಗೆ ನಾನಾ ಬಗೆಗಳು ಬಂದುವು. ಒಬ್ಬಳು ವಾರಕ್ಕೆ ಆರು ಬಣ್ಣ ಬದಲಾಯಿಸಿದರೆ ಮತ್ತೊಬ್ಬಳು ಅದನ್ನು ನೋಡಿ ಮುಖ ಬಾಡಿಸುವಳು. ಸಮವಸ್ತ್ರವು ಮರೆಮಾಡಿದ ಬಡತನ-ಸಿರಿತನಗಳನ್ನು ಈ ಗೇಣುದ್ದದ ಬಟ್ಟೆಯು ಮರಳಿ ಹೊರಗೆಡಹುತ್ತಿದೆಯಲ್ಲಾ ಎಂದು ನನಗೆ ವ್ಯಥೆಯಾಯಿತು. ಆದುದರಿಂದ ಎಲ್ಲರಿಗೂ ಬಿಳಿಯದೇ ಇರಲಿ ಎಂದೆನು.

ಆಜ್ಞೆಯಾದ ಎರಡನೆಯ ವಾರದಲ್ಲಿ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಕೆಂಪು ಗವಸನ್ನು ಕಟ್ಟಿಕೊಂಡು ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದಳು. ಅವಳ ಅಜ್ಜಿಯು ತನ್ನ ಹಳೆಯ ಇಳಕಲ್ಲ ಸೀರೆಯ ಮೈಬಟ್ಟೆಯನ್ನು ಕತ್ತರಿಸಿ, ಒಳಗೆ ಮೆತ್ತನೆಯ ಹತ್ತಿಯ ಅಸ್ತರಿಯಿಟ್ಟು, ಅಂಚಿನಲ್ಲಿ ಸಣ್ಣದೊಂದು ಗೋಪುರದ ಕಸೂತಿ ಹಾಕಿ ಹೊಲಿದುಕೊಟ್ಟದ್ದು ಅದು. ನಾನು ಅದನ್ನು ಬಿಚ್ಚಿಸಿ ಮೇಜಿನ ಖಾನೆಯಲ್ಲಿಟ್ಟು, ಶಾಲೆಯ ಬಿಳಿಯ ಗವಸೊಂದನ್ನು ಕೊಟ್ಟೆನು. ಆ ಹುಡುಗಿಗೆ ಉಬ್ಬಸವಿರುವುದೆಂದು ನನಗೆ ತಿಳಿದಿರಲಿಲ್ಲ; ತಿಳಿದುಕೊಳ್ಳುವ ತಾಳ್ಮೆಯೂ ಅಂದು ನನಗಿರಲಿಲ್ಲ. ನಾವು ಕೊಟ್ಟ ಬಿಳಿಯದು ಒಂದೇ ಪದರದ್ದು, ಸಡಿಲವಾದುದು; ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ನಾಲ್ಕನೆಯ ದಿವಸ ಅವಳು ಶಾಲೆಗೆ ಬರಲಿಲ್ಲ. ಐದನೆಯ ದಿವಸ ಅವಳ ಅಜ್ಜಿಯು ಬಂದರು. ಕೂರಲು ಹೇಳಿದರೂ ಕೂರದೆ, ಸಿಟ್ಟನ್ನೂ ತೋರಿಸದೆ, ಒಂದೇ ಮಾತು ಕೇಳಿದರು: "ಬಾಯಾರ, ಕೆಂಪು ಬಣ್ಣ ಆ ಕೂಸಿನ ಉಸಿರಿಗೆ ಅಡ್ಡ ಬಂದಿತ್ತೇನ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಖಾನೆಯಿಂದ ಆ ಗವಸನ್ನು ತೆಗೆದುಕೊಟ್ಟು ಕ್ಷಮೆ ಬೇಡಿದೆನು. ಆ ಸಾಯಂಕಾಲ ಮತ್ತೊಂದು ಸಂಗತಿಯನ್ನು ಗಮನಿಸಿದೆನು. ಬಿಳಿಯ ಗವಸಿನ ಆಜ್ಞೆಯಾದಂದಿನಿಂದ ತರಗತಿಗಳಲ್ಲಿ ಗವಸುಗಳೇ ಕಡಮೆಯಾಗಿದ್ದುವು. ನೆಗಡಿಯಾದ ಹುಡುಗಿಯರೂ ಅದನ್ನು ಚೀಲದ ತಳದಲ್ಲಿ ಮುದುಡಿಟ್ಟು ಬರಿಮುಖದಿಂದ ಕೆಮ್ಮುತ್ತ ಕುಳಿತಿದ್ದರು. ನಾನು ಸಮಾನತೆಯನ್ನು ತರಹೋಗಿ ಗವಸನ್ನೇ ಓಡಿಸಿದ್ದೆನು.

ಹಾಗಾದರೆ ಪಿಡುಗು ಕಳೆದ ಮೇಲೆಯೂ ಚಳಿಗಾಲದಲ್ಲಿ ಗವಸು ಏಕೆ ಬೇಕು ಎಂದು ತಾವು ಕೇಳಬಹುದು. ಕಾರಣಗಳು ಎರಡು. ಒಂದನೆಯದು, ಧರಿಸುವವಳ ಹಿತ. ಮುಂಜಾವದ ತಣ್ಣನೆಯ ಒಣಗಾಳಿಯು ಮೂಗು-ಗಂಟಲುಗಳ ಒಳಪದರವನ್ನು ಒಣಗಿಸುತ್ತದೆ. ಉಬ್ಬಸದವರ ಶ್ವಾಸನಾಳವು ಅದರಿಂದ ಬಿಗಿದುಕೊಳ್ಳುತ್ತದೆ. ಮುಖದ ಮೇಲೆ ಬಟ್ಟೆಯಿದ್ದರೆ ಹೊರಬಿಟ್ಟ ಉಸಿರಿನ ಬಿಸಿಯೂ ತೇವವೂ ಅದರಲ್ಲಿ ಸ್ವಲ್ಪ ಉಳಿದು, ಒಳಗೆ ಹೋಗುವ ಗಾಳಿಯನ್ನು ಹದಮಾಡುತ್ತವೆ. ಆದಕಾರಣವೇ ಚಳಿಯಲ್ಲಿ ಹೊರಡುವಾಗ ಮೂಗುಬಾಯಿಗಳಿಗೆ ವಸ್ತ್ರವನ್ನು ಸುತ್ತಿಕೊಳ್ಳಿರೆಂದು ವೈದ್ಯರು ಉಬ್ಬಸದ ರೋಗಿಗಳಿಗೆ ಹೇಳುವುದು. ಇದು ಔಷಧಿಗೆ ಬದಲಲ್ಲ, ಔಷಧಿಯ ಜತೆಗೆ ಒಂದು ಸಹಾಯ ಮಾತ್ರ. ಗವಸಿನಿಂದ ಉಸಿರು ಕಟ್ಟಿದಂತಾದರೆ ಅದನ್ನು ಕೂಡಲೆ ತೆಗೆಯಬೇಕು.

ಎರಡನೆಯದು, ನೆರೆಯವಳ ಹಿತ. ಚಳಿಯಲ್ಲಿ ನಾವು ಕಿಟಕಿಗಳನ್ನು ಮುಚ್ಚಿ ಒತ್ತಾಗಿ ಕುಳಿತುಕೊಳ್ಳುತ್ತೇವೆ. ಒಬ್ಬಳ ನೆಗಡಿ ವಾರದೊಳಗೆ ಇಡೀ ತರಗತಿಯದಾಗುತ್ತದೆ. ಕೆಮ್ಮುವವಳು ಬಾಯಿ ಮುಚ್ಚಿಕೊಂಡರೆ ತುಂತುರಿನ ಬಹುಭಾಗ ಬಟ್ಟೆಯಲ್ಲಿಯೇ ನಿಲ್ಲುತ್ತದೆ. ಜಪಾನಿನಲ್ಲಿ 1918ರ ಇನ್‌ಫ್ಲುಯೆಂಜಾ ಕಾಲದಿಂದ ಬಳಕೆಗೆ ಬಂದ ಗವಸು ಇಂದಿಗೂ ಅಲ್ಲಿಯ ಚಳಿಗಾಲದ ಸಾಮಾನ್ಯ ಉಡುಪು; ತನ್ನ ನೆಗಡಿ ಇನ್ನೊಬ್ಬರಿಗೆ ತಗಲದಿರಲೆಂದು ಅದನ್ನು ಕಟ್ಟಿಕೊಳ್ಳುವುದು ಅಲ್ಲಿ ಸಭ್ಯತೆಯ ಲಕ್ಷಣ. ನಮ್ಮ ದೇಶದಲ್ಲಿಯೇ ಸ್ಥಾನಕವಾಸಿ ಜೈನ ಸಾಧು-ಸಾಧ್ವಿಯರು ತಮ್ಮ ಉಸಿರಿನಿಂದ ಸೂಕ್ಷ್ಮಜೀವಿಗಳಿಗೂ ಹಿಂಸೆಯಾಗಬಾರದೆಂದು ಬಾಯಿಗೆ ವಸ್ತ್ರ ಕಟ್ಟುವುದನ್ನು ತಾವು ಕಂಡಿರಬಹುದು. ಉದ್ದೇಶಗಳು ಬೇರೆ ಬೇರೆಯಾದರೂ ನನ್ನ ಉಸಿರು ಇನ್ನೊಬ್ಬರಿಗೆ ತೊಂದರೆಯಾಗದಿರಲಿ ಎಂಬ ಭಾವನೆ ಒಂದೇ.

ಚಳಿಗಾಲದ ಗವಸಿನ ಚರಿತ್ರೆಯಲ್ಲಿ ಒಬ್ಬ ವೈದ್ಯರ ಹೆಸರನ್ನು ನಮ್ಮ ಹುಡುಗಿಯರು ಅರಿತಿರಬೇಕು. ಪಿನಾಂಗಿನಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಓದಿದ ಡಾಕ್ಟರ್ ವೂ ಲಿಯೆನ್-ತೆ ಎಂಬವರು 1910ರ ಡಿಸೆಂಬರಿನಲ್ಲಿ ಮಂಚೂರಿಯದ ಹಾರ್ಬಿನ್ ನಗರಕ್ಕೆ ಹೋದರು. ಅಲ್ಲಿ ನೀರೆಲ್ಲ ಹೆಪ್ಪುಗಟ್ಟುವ ಚಳಿ. ಮೇಲೆ ಶ್ವಾಸಕೋಶದ ಪ್ಲೇಗು. ರೋಗವು ಉಸಿರಿನ ಮೂಲಕ ಹರಡುತ್ತದೆಂದು ಕಂಡುಕೊಂಡ ಅವರು ಜಾಳುಬಟ್ಟೆಯ ಪದರಗಳ ನಡುವೆ ಹತ್ತಿಯನ್ನಿಟ್ಟು ಸುಲಭವಾದ ಗವಸನ್ನು ಮಾಡಿಸಿದರು. ಅವರ ಮಾತನ್ನು ನಂಬದ ಹಿರಿಯ ಫ್ರೆಂಚ್ ವೈದ್ಯರೊಬ್ಬರು ಬರಿಮುಖದಿಂದ ರೋಗಿಗಳ ಬಳಿ ಹೋಗಿ, 1911ರ ಜನವರಿಯಲ್ಲಿ ಅದೇ ರೋಗದಿಂದ ಮೃತರಾದರು. ಸುಮಾರು 60,000 ಜನರನ್ನು ಬಲಿತೆಗೆದುಕೊಂಡ ಆ ಪಿಡುಗು ಕೆಲವು ತಿಂಗಳುಗಳಲ್ಲಿ ನಿಂತಿತು. ಆ ಗವಸಿನಲ್ಲಿ ಇದ್ದುದು ದುಬಾರಿಯಾದ ಸಾಮಗ್ರಿಯಲ್ಲ, ಅಗ್ಗದ ಬಟ್ಟೆ, ಹತ್ತಿ ಮತ್ತು ವಿವೇಚನೆ.

ಆದರೆ ಪ್ರಾಮಾಣಿಕವಾಗಿ ಹೇಳಬೇಕಾದ ಮಾತೊಂದಿದೆ. ಬಟ್ಟೆಯ ಗವಸು ಎಲ್ಲವನ್ನೂ ತಡೆಯಲಾರದು. ಎನ್-95 ಎಂಬ ಗವಸಿನ ಪದರಗಳಲ್ಲಿ ಸೂಕ್ಷ್ಮ ಕಣಗಳನ್ನು ಸೆಳೆದು ಹಿಡಿಯುವ ವಿದ್ಯುದಂಶವಿರುತ್ತದೆ. ಮನೆಯ ಹೊಲಿಗೆಯಲ್ಲಿ ಅದಿಲ್ಲ. ಆಸ್ಪತ್ರೆಗೆ ಹೋಗುವಾಗ, ಗಂಭೀರವಾದ ರೋಗಿಯ ಆರೈಕೆ ಮಾಡುವಾಗ ಅಂಥದನ್ನೇ ಬಳಸುವುದು ಯುಕ್ತ. ನಿತ್ಯದ ಚಳಿ, ನೆಗಡಿ, ಹಾದಿಯ ಧೂಳುಗಳಿಗೆ ಬಟ್ಟೆಯದು ತಕ್ಕಮಟ್ಟಿಗೆ ಸಾಕು. ಅದು ಕೂಡ ಸರಿಯಾಗಿ ಹೊಲಿದದ್ದಾದರೆ ಮಾತ್ರ.

ಇಲ್ಲಿಯೇ ಅಂದದ ಪ್ರಶ್ನೆ ಬರುವುದು. ಅಂದವು ಕೆಟ್ಟದ್ದೆಂದು ನಾನು ಈಗ ಹೇಳಲಾರೆ. ಅಂದವಾದುದನ್ನು ಹುಡುಗಿಯು ಮರೆಯದೆ ಧರಿಸುತ್ತಾಳೆ, ಜೋಪಾನವಾಗಿ ಒಗೆಯುತ್ತಾಳೆ. ಅಂದವಿಲ್ಲದ್ದು ಚೀಲದ ತಳವನ್ನು ಸೇರುತ್ತದೆ. ಆದರೆ ಅಂದವು ಕೆಲಸಕ್ಕೆ ಅಡ್ಡಿಯಾಗಕೂಡದು. ನಾನು ಮಿಷನ್ ಶಾಲೆಯೊಂದರಲ್ಲಿ ಓದುತ್ತಿದ್ದಾಗ ನಮ್ಮ ಹೊಲಿಗೆಯ ಬಾಯಿಯವರು ಕಸೂತಿಯನ್ನು ಪರೀಕ್ಷಿಸುವಾಗ ಮೊದಲು ಬಟ್ಟೆಯನ್ನು ತಿರುವಿ ಹಿಂಬದಿಯನ್ನು ನೋಡುತ್ತಿದ್ದರು. ಗವಂತಿ ಹೊಲಿಗೆಯು ಎರಡು ಬದಿಯಲ್ಲಿಯೂ ಒಂದೇ ತೆರನಾಗಿರಬೇಕಷ್ಟೆ. ಮುಖಗವಸನ್ನೂ ಹಾಗೆಯೇ ತಿರುವಿ ನೋಡಿರೆಂದು ನನ್ನ ಬಿನ್ನಹ. ಜನರು ಕಾಣುವ ಬದಿಗಿಂತ ಮಗುವಿನ ಮುಖಕ್ಕೆ ತಾಗುವ ಬದಿಯು ಮುಖ್ಯ.

ವಿಶ್ವ ಆರೋಗ್ಯ ಸಂಸ್ಥೆಯು 2020ರ ಜೂನ್ ತಿಂಗಳಲ್ಲಿ ಬಟ್ಟೆಯ ಗವಸಿಗೆ ಮೂರು ಪದರಗಳಿರಲೆಂದು ಸೂಚಿಸಿತು: ಒಳಗೆ ತೇವ ಹೀರುವ ಹತ್ತಿ, ನಡುವೆ ಸೋಸುವ ಪದರ, ಹೊರಗೆ ತೇವ ಹಿಡಿಯದ ಬಟ್ಟೆ. ಬಟ್ಟೆಯನ್ನು ದೀಪದ ಎದುರು ಹಿಡಿದು ನೋಡಬೇಕು; ಬೆಳಕು ಸುಲಭವಾಗಿ ತೂರಿಬಂದರೆ ನೇಯ್ಗೆ ಜಾಳಾಗಿದೆಯೆಂದರ್ಥ. ಉಣ್ಣೆಯ ಹೆಣಿಗೆಯದು ಬೆಚ್ಚಗಿದ್ದರೂ ಅದರ ಕಣ್ಣುಗಳು ದೊಡ್ಡವು. ಒಳಗೆ ಒತ್ತಾದ ಹತ್ತಿಯ ಅಸ್ತರಿಯಿಲ್ಲದೆ ಅದು ಚಳಿಯನ್ನಲ್ಲದೆ ಮತ್ತೇನನ್ನೂ ತಡೆಯದು. ಗುಳೇದಗುಡ್ಡದ ಖಣವು ಹೊರಪದರಕ್ಕೆ ಬಹಳ ಚೆನ್ನ. ಕಸೂತಿಯನ್ನು ಹೊರಪದರದ ಅಂಚಿನಲ್ಲಿ ಹಾಕಿ, ಅನಂತರ ಅಸ್ತರಿಯನ್ನು ಜೋಡಿಸಬೇಕು. ಉಸಿರಾಡುವ ನಡುಭಾಗದಲ್ಲಿ ಎಲ್ಲ ಪದರಗಳನ್ನೂ ಕೂಡಿಸಿ ಚುಚ್ಚಿದರೆ ಸೂಜಿಯ ರಂಧ್ರಗಳೇ ಬಾಗಿಲುಗಳಾಗುತ್ತವೆ. ಮಣಿ, ಮಿಂಚುಬಿಲ್ಲೆಗಳಿಗೂ ಇದೇ ದೋಷ. ಮೂಗಿನ ಮೇಲೆ ಬಾಗುವ ತಂತಿಯೊಂದಿರಲಿ. ದಿನವೂ ಸಾಬೂನಿನಿಂದ ಒಗೆದು ಬಿಸಿಲಿಗೆ ಹಾಕಬೇಕು. ಉಸಿರಿನಿಂದ ತೊಯ್ದುದನ್ನು ಬದಲಿಸಬೇಕಾದುದರಿಂದ ಪ್ರತಿಯೊಬ್ಬಳಿಗೂ ಎರಡಾದರೂ ಬೇಕು. ಒಬ್ಬಳದನ್ನು ಇನ್ನೊಬ್ಬಳು ಕಟ್ಟಕೂಡದು. ಓಡಿ ಆಡುವಾಗ ತೆಗೆದಿಡಬೇಕು. ತೀರ ಚಿಕ್ಕ ಕೂಸುಗಳಿಗೆ ಕಟ್ಟಲೇಬಾರದು.

ಬಿಳಿಯ ಗವಸಿನ ಆಜ್ಞೆಯ ಬದಲಾಗಿ ಈಗ ಶಾಲೆಯಲ್ಲಿ ನಡೆಯುತ್ತಿರುವ ಏರ್ಪಾಡು ಇದು. ಹೊಲಿಗೆಯ ತರಗತಿಯಲ್ಲಿ ಪ್ರತಿ ಹುಡುಗಿಯೂ ಮನೆಯ ಹಳೆಯ ಬಟ್ಟೆಯಿಂದ ಎರಡು ಗವಸುಗಳನ್ನು ಹೊಲಿಯುತ್ತಾಳೆ. ಬಣ್ಣ ಅವಳ ಇಷ್ಟ; ಅಳತೆ, ಪದರ, ಹೊಲಿಗೆ ಶಾಲೆಯ ನಿಯಮ. ಅಂಗಡಿಯದನ್ನು ತರಗತಿಗೆ ತರುವಂತಿಲ್ಲ. ಹೀಗಾಗಿ ಸಿರಿವಂತರ ಮಗಳು ಬಡವರ ಮಗಳ ಕೈಕಸೂತಿಯನ್ನು ನೋಡಿ ಕಲಿಯುವ ಪ್ರಸಂಗವೂ ಬಂದಿದೆ. ಆ ಅಜ್ಜಿಯವರೇ ಎರಡು ಶುಕ್ರವಾರ ಬಂದು ಮುರ್ಗಿ ಹೊಲಿಗೆಯನ್ನು ತೋರಿಸಿಕೊಟ್ಟರು. ಅವರ ಮೊಮ್ಮಗಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ.

ಇನ್ನೊಂದು ವಿಷಯದಲ್ಲಿ ಮಾತ್ರ ತಾಯಂದಿರ ನೆರವನ್ನು ಕೋರುತ್ತೇನೆ. ಕೆಲವು ಹುಡುಗಿಯರು ಚಳಿಗಾಗಿಯೂ ಅಲ್ಲ, ಕೆಮ್ಮಿಗಾಗಿಯೂ ಅಲ್ಲ, ತಮ್ಮ ಮುಖವನ್ನೇ ಮರೆಸುವುದಕ್ಕಾಗಿ ಗವಸನ್ನು ಕಟ್ಟುತ್ತಾರೆ. ಮೊಡವೆಯ ಕಾರಣದಿಂದಲೋ, ಹಲ್ಲಿನ ಕಾರಣದಿಂದಲೋ, ಯಾರೋ ಆಡಿದ ಹಗುರವಾದ ಮಾತಿನ ಕಾರಣದಿಂದಲೋ ಊಟದ ಹೊತ್ತಿನಲ್ಲಿಯೂ ಅದನ್ನು ಸರಿಸಲು ನಾಚುತ್ತಾರೆ. ಇಂಥವಳ ಗವಸನ್ನು ಗದರಿಸಿ ತೆಗೆಸಬೇಡಿರಿ. ಒಮ್ಮೆ ಹಾಗೆ ಮಾಡಿದ ನಾನೇ ಇದನ್ನು ಹೇಳುತ್ತಿದ್ದೇನೆ. ಅವಳೊಡನೆ ಏಕಾಂತದಲ್ಲಿ ಕುಳಿತು ಕಾರಣವನ್ನು ಕೇಳಿರಿ. ಅತ್ಯಂತ ಚೆಲುವಾದ ಗವಸು ಕೂಡ ನಮ್ಮ ಮಗಳ ಮುಖಕ್ಕಿಂತ ಚೆಲುವಲ್ಲವೆಂಬುದು ಅವಳಿಗೆ ತಿಳಿಯಬೇಕಾದುದು ಮನೆಯಲ್ಲಿ, ತಾಯಿಯ ಬಾಯಿಂದ.

ಹಳೆಯ ವಿದ್ಯಾರ್ಥಿನಿಯರೇ, ತಮ್ಮಲ್ಲಿ ಹಲವರು ಈಗ ಗೃಹಿಣಿಯರು, ಶಿಕ್ಷಕಿಯರು, ದಾದಿಯರು. ಕೆಲವರು ನಮಗಿಂತ ಹೆಚ್ಚು ಚಳಿಯ ದೇಶಗಳಲ್ಲಿ ನೆಲಸಿರುವಿರಿ. ಈ ಶಾಲೆಯ ಹೊಲಿಗೆಯ ಕೋಣೆಯಲ್ಲಿ ತಾವು ಕಲಿತ ವಿದ್ಯೆಯು ಅಲಂಕಾರಕ್ಕೆಂದು ಮಾತ್ರ ಕಲಿಸಿದ್ದಲ್ಲ. ಬರುವ ಚಳಿಗಾಲದೊಳಗೆ ತಮ್ಮ ಮನೆಯ ಮಕ್ಕಳಿಗೆ ಎರಡು ಗವಸುಗಳನ್ನು ಹೊಲಿಯಿರಿ. ಸಾಧ್ಯವಾದರೆ ಇನ್ನೆರಡನ್ನು ಹೊಲಿದು ನಮ್ಮ ಶಾಲೆಗೆ ಕಳುಹಿಸಿರಿ. ಮನೆಯಲ್ಲಿ ಹೊಲಿಯುವವರಿಲ್ಲದ ಮಕ್ಕಳು ನಮ್ಮಲ್ಲಿ ಪ್ರತಿ ವರುಷವೂ ಇರುತ್ತಾರೆ. ಬಣ್ಣವು ಯಾವುದಾದರೂ ಆಗಲಿ. ಕೆಂಪಾದರೆ ನಾನು ವಿಶೇಷವಾಗಿ ಸಂತೋಷಪಡುವೆನು.