ಬೆಳಕಿಗಿಂತ ಮೊದಲು ಸೆಲ್ಲು ನೋಡಿ



ಮುಂಗಾರು ಶುರುವಾಯಿತೆಂದರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಅಂಗಡಿಗಳಲ್ಲಿ ಕೊಡೆಗಳ ಪಕ್ಕದಲ್ಲೇ ಟಾರ್ಚುಗಳೂ ನೇತಾಡತೊಡಗುತ್ತವೆ. ಸಂತೆಯಲ್ಲಂತೂ ಟಾರ್ಪಾಲಿನ ಮೇಲೆ ರಾಶಿ ಸುರಿದುಕೊಂಡು ಮಾರುತ್ತಾರೆ. “ಅಕ್ಕಾ, ಇದರ ಬೆಳಕು ಎರಡು ಕಿಲೋಮೀಟರ್ ಹೋಗುತ್ತೆ” ಎಂದು ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಒತ್ತಿ ತೋರಿಸುತ್ತಾರೆ! ಎರಡು ಕಿಲೋಮೀಟರ್ ಆಚೆ ನಮಗೇನು ಕೆಲಸ ಹೇಳಿ? ಕೊಟ್ಟಿಗೆಗೆ ಹೋಗುವ ಹೆಂಗಸಿಗೆ ಕಾಣಬೇಕಾದ್ದು ಕಾಲಿನ ಮುಂದಿನ ನಾಲ್ಕು ಮಾರು ನೆಲ.

ಹಿಂದೆ ಟಾರ್ಚು ಕೊಳ್ಳುವುದು ಸುಲಭವಾಗಿತ್ತು. ಎರಡು ಸೆಲ್ಲಿನದೋ ಮೂರು ಸೆಲ್ಲಿನದೋ ಎಂದು ಕೇಳಿದರೆ ಮುಗಿಯಿತು. ಈಗ ಎಲ್‌ಇಡಿ ಬಂದು, ರೀಚಾರ್ಜ್ ಸೆಲ್ಲು ಬಂದು, ಲೂಮೆನ್ ಎಂಬ ಲೆಕ್ಕ ಬಂದು ತಲೆ ತಿರುಗುವ ಹಾಗಾಗಿದೆ. ಈ ಸಲದ ಅಂಕಣ ಅದಕ್ಕೇ ಮೀಸಲು. ಅಡುಗೆಯ ಪುಟಗಳು ಮುಂದಿವೆ, ಹಸಿದವರು ಹಾಳೆ ತಿರುವಿಕೊಳ್ಳಬಹುದು.

ಮೊದಲು ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಒಳ್ಳೆಯ ಟಾರ್ಚು ಯಾರ ಕೈಯಲ್ಲಿದೆ? ನಮ್ಮ ಕಡೆ ಪಂಪುಸೆಟ್ಟಿಗೆ ದಿನಕ್ಕೆ ಏಳು ಗಂಟೆ ಮೂರು ಫೇಸ್ ಕರೆಂಟು, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದಾಗ ಗಂಡಸರು ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತಿ, ವಾಲ್ವು ತಿರುಗಿಸಿ ಬರಬೇಕು. ಹಾಗಾಗಿ ಒಳ್ಳೆಯ ಟಾರ್ಚು ಅವರ ಜೊತೆ ಹೋಗುತ್ತದೆ. ಹೋಗಲಿ, ತಪ್ಪೇನಿಲ್ಲ. ಆದರೆ ಕರು ಹಾಕುವ ಹಸುವನ್ನು ನೋಡಲು ನಡುರಾತ್ರಿ ಏಳುವವಳು, ನಸುಕಿನಲ್ಲಿ ಕಟ್ಟಿಗೆ ರಾಶಿಗೆ ಕೈ ಹಾಕುವವಳು, ಮಳೆ ಬಂತೆಂದು ಅಂಗಳದ ಅಡಿಕೆ ಬಾಚಲು ಓಡುವವಳು ಯಾರು? ಅವಳ ಕೈಯಲ್ಲಿ ಮಿಣಮಿಣ ಎನ್ನುವ ಹಳೇ ಟಾರ್ಚು, ಇಲ್ಲವೆ ಮೊಬೈಲು. ಮೊಬೈಲಿನ ಬೆಳಕು ಹತ್ತಿರದ ಬೀಗ ತೆಗೆಯುವುದಕ್ಕೆ ಸಾಕು, ಹೆಜ್ಜೆಹೆಜ್ಜೆಗೂ ನೆಲ ನೋಡಿ ನಡೆಯುವುದಕ್ಕೆ ಸಾಲದು. ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸೆಗಣಿ ಬುಟ್ಟಿ ಹಿಡಿಯಲಂತೂ ಆಗುವುದಿಲ್ಲ.

ಇದು ಬರೀ ಅನುಕೂಲದ ಮಾತಲ್ಲ ಕಣ್ರೀ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ಹನ್ನೆರಡು ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಹೆಚ್ಚಿನವು ಹಳ್ಳಿಗಳಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ, ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಗೊತ್ತುಪಡಿಸಿತು. ಕೊಳಕುಮಂಡಲ ಒಣಗಿದ ಅಡಿಕೆ ಹಾಳೆ, ತೆಂಗಿನ ಗರಿಗಳ ನಡುವೆ ಅದೇ ಬಣ್ಣದಲ್ಲಿ ಮಲಗಿರುತ್ತದೆ. ಕಟ್ಟುಹಾವು ರಾತ್ರಿಯೇ ತಿರುಗುವುದು, ಮನೆಯೊಳಗೂ ಬರುತ್ತದೆ, ಕಚ್ಚಿದರೆ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ಟಾರ್ಚು ಹಾವನ್ನು ಓಡಿಸುವುದಿಲ್ಲ, ನಾವು ಅದನ್ನು ತುಳಿಯದ ಹಾಗೆ ಮಾಡುತ್ತದೆ, ಅಷ್ಟೆ. ಅಷ್ಟಾದರೆ ಸಾಲದೆ? (ಅಕಸ್ಮಾತ್ ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರುವುದು.)

ಆದ್ದರಿಂದ ಮನೆಗೆ ಎರಡು ಟಾರ್ಚು ಬೇಕು. ಒಂದು ತೋಟದ್ದು, ಒಂದು ಮನೆಯದು. ಮನೆಯದು ಅಡುಗೆಮನೆ ಬಾಗಿಲ ಪಕ್ಕದ ಮೊಳೆಯಲ್ಲೇ ಇರಬೇಕು, ಅದನ್ನು ಯಾರೂ ತೋಟಕ್ಕೆ ಒಯ್ಯಕೂಡದು. ಈ ಒಂದು ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಇರಿ.

ಇನ್ನು ಕೊಳ್ಳುವ ವಿಚಾರ. ಬೆಳಕನ್ನು ಲೂಮೆನ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಮೇಣದಬತ್ತಿಯ ಬೆಳಕು ಸುಮಾರು 12 ಲೂಮೆನ್. ಹಿಂದೆ ಉರಿಸುತ್ತಿದ್ದೆವಲ್ಲ, 60 ವ್ಯಾಟಿನ ಬಲ್ಬು, ಅದರದು ಏಳೆಂಟು ನೂರು. ಹಳೆಯ ಟಾರ್ಚಿನ ತಂತಿ ಬಲ್ಬು ಒಂದು ವ್ಯಾಟಿಗೆ ಹತ್ತರ ಆಸುಪಾಸು ಲೂಮೆನ್ ಕೊಡುತ್ತಿತ್ತು, ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತಿತ್ತು. ಎಲ್‌ಇಡಿ ಅದೇ ಒಂದು ವ್ಯಾಟಿಗೆ ನೂರರಷ್ಟು ಕೊಡುತ್ತದೆ. ನೀಲಿ ಎಲ್‌ಇಡಿಯನ್ನು ಸಾಧಿಸಿ ಈ ಬಿಳಿ ಬೆಳಕಿಗೆ ದಾರಿ ಮಾಡಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ನನ್ನ ಕೇಳಿದರೆ ನಮ್ಮ ಕೊಟ್ಟಿಗೆಗಳ ಲೆಕ್ಕದಲ್ಲೇ ಕೊಡಬಹುದಿತ್ತು!

ಅಂಗಳ, ಕೊಟ್ಟಿಗೆ, ಹಿತ್ತಿಲಿಗೆ 100ರಿಂದ 200 ಲೂಮೆನ್ ಧಾರಾಳ. ತೋಟದ ದಾರಿಗೆ 300 ಇರಲಿ. ತೆಂಗಿನ ಸುಳಿ ನೋಡಬೇಕು, ದೂರದ ಬೇಲಿ ನೋಡಬೇಕು ಎನ್ನುವವರು ಇನ್ನೂ ಹೆಚ್ಚಿನದು ಕೊಳ್ಳಲಿ. ಆದರೆ ಬೆರಳುದ್ದದ ಟಾರ್ಚಿನ ಮೇಲೆ “10,000 ಲೂಮೆನ್” ಎಂದು ಬರೆದಿದ್ದರೆ ನಕ್ಕು ಕೆಳಗಿಡಿ. ಅಷ್ಟು ಬೆಳಕಿಗೆ ನೂರು ವ್ಯಾಟು ಬೇಕು. ನಿಜವಾಗಿ ಅಷ್ಟು ಹರಿದರೆ ಕೈಯಲ್ಲಿ ಹಿಡಿಯಲಾದೀತೆ? ಇಸ್ತ್ರಿಪೆಟ್ಟಿಗೆಯಾಗುತ್ತದೆ.

ಎಷ್ಟು ಬೆಳಕು ಎನ್ನುವಷ್ಟೇ ಮುಖ್ಯ ಅದು ಹೇಗೆ ಹರಡುತ್ತದೆ ಎನ್ನುವುದು. ಅಂಗಡಿಯ ನೆರಳಿಗೆ ಹೋಗಿ ಎರಡು ಮಾರು ದೂರದಿಂದ ಗೋಡೆಗೆ ಬಿಡಿ. ನಡುವೆ ಕಣ್ಣು ಕುಕ್ಕುವ ಚುಕ್ಕೆ, ಸುತ್ತ ಕತ್ತಲೆ ಬಂದರೆ ಅದು ದೂರಕ್ಕೆ ಮಾಡಿದ್ದು. ನಡೆಯುವವರಿಗೆ ಅಗಲವಾಗಿ, ಅಂಚು ಮೆತ್ತಗಾಗಿ ಹರಡುವ ಬೆಳಕೇ ಬೇಕು. ಬಣ್ಣವನ್ನೂ ನೋಡಿ. ನೀಲಿ ಛಾಯೆಯ ಬಿಳಿ ಬೆಳಕು ಹೆಚ್ಚು ಪ್ರಖರ ಅನ್ನಿಸುತ್ತದೆ, ಆದರೆ ಅದರಲ್ಲಿ ಕಂದು, ಹಳದಿ, ಕೆಂಪು ಎಲ್ಲ ಬೂದಿ ಬಳಿದಂತೆ ಒಂದೇ ಆಗಿಬಿಡುತ್ತವೆ. ಸ್ವಲ್ಪ ಹಳದಿ ಬೆರೆತ ಬೆಳಕಿನಲ್ಲಿ ಒಣ ಎಲೆಗೂ ಅದರ ಮೇಲೆ ಮಲಗಿದ್ದಕ್ಕೂ ವ್ಯತ್ಯಾಸ ಬೇಗ ತಿಳಿಯುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ, ನಾವೇ ಕೇಳಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಹಳ್ಳಿಯ ಜನ ಟಾರ್ಚಿಗೆ ಟಾರ್ಚು ಎನ್ನುವುದೇ ಇಲ್ಲ, “ಬ್ಯಾಟ್ರಿ” ಅನ್ನುತ್ತಾರೆ. “ಬ್ಯಾಟ್ರಿ ಬಿಡು” ಎಂದರೆ ಬೆಳಕು ಬಿಡು ಎಂದರ್ಥ. ಓದಿದವರು ನಗುತ್ತಾರೆ, ಆದರೆ ಸರಿಯಾದ ಮಾತೇ ಅದು. ಎಲ್‌ಇಡಿ ದೀಪ ಸುಲಭಕ್ಕೆ ಕೆಡುವುದಿಲ್ಲ, ಕೆಡುವುದು ಒಳಗಿನ ಬ್ಯಾಟರಿ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, “ಇದರ ಸೆಲ್ಲು ಹೊರಗೆ ತೆಗೆದು ಬೇರೆ ಹಾಕಬಹುದಾ?” ಎಂದು. ಒಳಗೇ ಬೆಸುಗೆ ಹಾಕಿದ್ದಾದರೆ ಎರಡು ಮೂರು ವರ್ಷಕ್ಕೆ ಟಾರ್ಚೇ ಗುಜರಿಗೆ.

ಹಿಂಭಾಗದಿಂದ ಎರಡು ಪಿನ್ನು ಹೊರಬಂದು ಗೋಡೆಯ ಪ್ಲಗ್ಗಿಗೇ ಚುಚ್ಚುವ ತೂಕದ ಟಾರ್ಚುಗಳನ್ನು ನೋಡಿದ್ದೀರಲ್ಲ, ಅವುಗಳಲ್ಲಿ ಹಲವಕ್ಕೆ ಸೀಸ-ಆಮ್ಲದ 4 ವೋಲ್ಟ್ ಬ್ಯಾಟರಿ ಇರುತ್ತದೆ. ಬೆಲೆ ಕಡಿಮೆ. ಆದರೆ ಖಾಲಿಯಾದದ್ದನ್ನು ಹಾಗೇ ಇಟ್ಟರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಹರಳು ಕಟ್ಟಿ, ಆಮೇಲೆ ಎಷ್ಟು ಹೊತ್ತು ಚುಚ್ಚಿದರೂ ಚಾರ್ಜು ಹಿಡಿಯುವುದಿಲ್ಲ. ಇಂಥದ್ದು ಈಗಾಗಲೇ ಮನೆಯಲ್ಲಿದ್ದರೆ ಬಳಸಿದ ದಿನವೇ ಚಾರ್ಜಿಗೆ ಹಾಕಿ, ಬಳಸದಿದ್ದರೂ ತಿಂಗಳಿಗೊಮ್ಮೆ ಹಾಕಿ. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದಿಲ್ಲ.

ಎರಡನೆಯದು ಪೆನ್ಸೆಲ್ಲು ಹಾಕುವ ಟಾರ್ಚು. ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಅದೇ ಅಳತೆ. ಅದೇ ಗಾತ್ರದಲ್ಲಿ ನಿಕಲ್ ಮೆಟಲ್ ಹೈಡ್ರೈಡ್ ಎಂಬ ರೀಚಾರ್ಜ್ ಸೆಲ್ಲು ಸಿಗುತ್ತದೆ. ಸಾಮಾನ್ಯ ಸೆಲ್ಲು 1.5 ವೋಲ್ಟ್, ಇದು 1.2, ಆದರೂ ಹೆಚ್ಚಿನ ಎಲ್‌ಇಡಿ ಟಾರ್ಚಿಗೆ ನಡೆಯುತ್ತದೆ. ಮೇಲೆ 2000 ಎಂ.ಎ.ಎಚ್. ಆಸುಪಾಸು ಬರೆದಿದ್ದರೆ ಸಾಕು. ಇಟ್ಟಲ್ಲೇ ಚಾರ್ಜು ಇಳಿಯದ ಜಾತಿ ಬೇರೆ ಇದೆ, “ಚಾರ್ಜು ಆಗಿಯೇ ಬರುವುದು” ಎಂದು ಕೇಳಿದರೆ ಕೊಡುತ್ತಾರೆ. ಇದನ್ನೇ ಕೊಳ್ಳಿ. ಬೇರೆಯದಾದರೆ ತಿಂಗಳೊಪ್ಪತ್ತು ಮೊಳೆಯಲ್ಲಿ ನೇತಾಡಿ, ಬೇಕಾದ ರಾತ್ರಿ ಮಂಕಾಗಿರುತ್ತದೆ. ನಾಲ್ಕು ಸೆಲ್ಲು, ಒಂದು ಚಾರ್ಜರು ತಂದರೆ ಎರಡು ಟಾರ್ಚಿನಲ್ಲಿ, ಎರಡು ಸಾಲಿನಲ್ಲಿ. ಹಳತು ಹೊಸತು ಬೆರೆಸಬಾರದು. ಮಾಮೂಲಿ ಸೆಲ್ಲನ್ನು ಈ ಚಾರ್ಜರಿಗೆ ಹಾಕಲೇಬಾರದು, ಸೋರುತ್ತದೆ, ಒಡೆಯಲೂಬಹುದು. ಮನೆಯ ಟಾರ್ಚಿಗೆ ನನ್ನ ಮತ ಇದಕ್ಕೇ. ಸೆಲ್ಲು ಕೈಕೊಟ್ಟರೂ ಪಕ್ಕದ ಕಿರಾಣಿ ಅಂಗಡಿಯ ಮಾಮೂಲಿ ಸೆಲ್ಲು ಹಾಕಿ ಆ ರಾತ್ರಿ ಕಳೆಯಬಹುದು.

ಮೂರನೆಯದು ಲಿಥಿಯಂ. ತೋಟದ ಟಾರ್ಚಿಗೆ ಇದು. 18650 ಎಂದು ಕರೆಯುತ್ತಾರೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. 3.7 ವೋಲ್ಟ್. ಲೆಕ್ಕ ಹಾಕಿ ನೋಡಿ: 2600 ಎಂ.ಎ.ಎಚ್. ಸೆಲ್ಲಿನಲ್ಲಿ ಹತ್ತಿರ ಹತ್ತಿರ ಹತ್ತು ವ್ಯಾಟ್-ಗಂಟೆ ಶಕ್ತಿ. 300 ಲೂಮೆನ್ ಬೆಳಕಿಗೆ ಮೂರು ವ್ಯಾಟು. ಅಂದರೆ ಮೂರು ಗಂಟೆ ಉರಿಯುತ್ತದೆ. ಒಂದು ರಾತ್ರಿ ಪಾಳಿಗೆ ಸಾಕು.

ಇಲ್ಲೇ ಮೋಸ ಇರುವುದು. ಈ ಅಳತೆಯ ನಿಜವಾದ ಸೆಲ್ಲು 3500ರ ಆಸುಪಾಸಿಗೆ ನಿಲ್ಲುತ್ತದೆ. ಸಂತೆಯಲ್ಲಿ ಕೆಂಪು, ಹಳದಿ ಕಾಗದ ಸುತ್ತಿ 6800, 9900 ಎಂದು ಅಚ್ಚು ಹಾಕಿರುತ್ತಾರೆ. ಒಂದು ಉಪಾಯ ಹೇಳುತ್ತೇನೆ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿ. ಒಳ್ಳೆಯ ಸೆಲ್ಲು 45 ಗ್ರಾಂ ಹತ್ತಿರ ತೂಗುತ್ತದೆ. ಮೂವತ್ತೋ ಮೂವತ್ತೈದೋ ಬಂದರೆ ಒಳಗೆ ಮಾಲಿಲ್ಲ. ಚಿನ್ನ ತೂಗಿಸುವವರು ಇದನ್ನು ತೂಗಿಸಲು ನಾಚಿಕೆಪಡಬೇಕಾಗಿಲ್ಲ! ಐ.ಎಸ್. 16046 ಎಂಬ ಭಾರತೀಯ ಗುಣಮಟ್ಟದ ಸಂಖ್ಯೆ, ಜೊತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಸೆಲ್ಲಿನ ಮೇಲೋ ಡಬ್ಬಿಯ ಮೇಲೋ ಇದೆಯೇ ಎಂದೂ ನೋಡಿ.

ಲಿಥಿಯಂ ಸೆಲ್ಲಿಗೆ ಮಡಿ ಜಾಸ್ತಿ. ಹಾಸಿಗೆಯ ಮೇಲೆ, ದಿಂಬಿನ ಪಕ್ಕ, ಒಲೆಯ ಗೂಡಿನಲ್ಲಿ ಇಟ್ಟು ಚಾರ್ಜು ಮಾಡಬೇಡಿ. ಸಿಮೆಂಟು ನೆಲ, ಕಡಪಾ ಕಲ್ಲು ಒಳ್ಳೆಯದು. ಎಲ್ಲರೂ ಮಲಗಿದ ಮೇಲಲ್ಲ, ಎದ್ದಿರುವಾಗಲೇ ಹಾಕಿ. ಉಬ್ಬಿದ್ದು, ಸುತ್ತಿನ ಕಾಗದ ಹರಿದದ್ದು, ಮುಟ್ಟಿದರೆ ಬಿಸಿ ಎನ್ನಿಸಿದ್ದು ಬೇಡವೇ ಬೇಡ. ಬಿಡಿ ಸೆಲ್ಲನ್ನು ಚಿಲ್ಲರೆ ಕಾಸು, ಬೀಗದ ಕೈ ಜೊತೆ ಸಂಚಿಯಲ್ಲಿ ಹಾಕಿದರೆ ತುದಿಗಳು ಕೂಡಿ ಬೆಂಕಿಯಾಗುವುದುಂಟು. ಪೆನ್ಸೆಲ್ಲಿನ ಗಾತ್ರದಲ್ಲೇ 14500 ಎಂಬ ಲಿಥಿಯಂ ಸೆಲ್ಲು ಇದೆ, ನೋಡಲು ಅವಳಿ ಜವಳಿ. ಅದು 3.7 ವೋಲ್ಟ್. ಪೆನ್ಸೆಲ್ಲಿನ ಟಾರ್ಚಿಗೆ ಹಾಕಿದರೆ ದೀಪ ಸುಟ್ಟೀತು. ಸಣ್ಣ ಮಕ್ಕಳಿರುವ ಮನೆಯವರು ಬೀಗದ ಗೊಂಚಲಿಗೆ ಸಿಕ್ಕಿಸುವ ಪುಟ್ಟ ಟಾರ್ಚನ್ನು ದೂರವಿಡಿ. ಅದರೊಳಗಿನ ಗುಂಡಿಯಂಥ ಸೆಲ್ಲನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ಅನುಮಾನ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಓಡಿ.

ಮಳೆಗೆ ಐ.ಪಿ.ಎಕ್ಸ್. 4 ಎಂದು ಬರೆದಿದ್ದರೆ ಎರಚಲು ತಡೆಯುತ್ತದೆ. 7 ಎಂದಿದ್ದರೆ ಕಾಲುವೆಗೆ ಬಿದ್ದರೂ ಎತ್ತಿಕೊಳ್ಳಬಹುದು. ತರೀಕೆರೆ ಕಡೆಯ ಮಳೆಗೆ 4ಕ್ಕಿಂತ ಕಡಿಮೆ ಬೇಡ.

ತಲೆಗೆ ಕಟ್ಟುವ ಟಾರ್ಚಿನ ಬಗ್ಗೆ ಹಲವರು ಕೇಳುತ್ತಾರೆ. ಹಾಲು ಕರೆಯಲು, ಅಡಿಕೆ ಸುಲಿಯಲು, ಕರೆಂಟು ಹೋದಾಗ ರೊಟ್ಟಿ ತಟ್ಟಲು ಅದರಷ್ಟು ಅನುಕೂಲ ಬೇರೊಂದಿಲ್ಲ, ಎರಡೂ ಕೈ ಬಿಡುವು. ಮಳೆಗಾಲದಲ್ಲಿ ಹುಳುಗಳೆಲ್ಲ ಮುಖಕ್ಕೇ ಬರುತ್ತವೆ ಎನ್ನುವುದೊಂದು ಕಾಟ. ಆದರೆ ದಾರಿ ನಡೆಯಲು ಅದಕ್ಕಿಂತ ಕೈಟಾರ್ಚೇ ಮೇಲು. ಕಾರಣ ಇದೆ. ಕಣ್ಣಿನ ಮಟ್ಟದಿಂದ ಬಿದ್ದ ಬೆಳಕಿಗೆ ನೆರಳು ಕಾಣುವುದಿಲ್ಲ, ನೆಲವೆಲ್ಲ ಸಪಾಟು ಎನ್ನಿಸುತ್ತದೆ. ಟಾರ್ಚನ್ನು ಸೊಂಟಕ್ಕಿಂತ ಕೆಳಗೆ, ಮೊಣಕಾಲ ಹತ್ತಿರ ಹಿಡಿದು ಮುಂದಕ್ಕೆ ಬಿಡಿ. ಕಲ್ಲು, ಗುಂಡಿ, ಸುರುಳಿ ಸುತ್ತಿದ ಹಾವು, ಪ್ರತಿಯೊಂದಕ್ಕೂ ಉದ್ದ ನೆರಳು ಬಿದ್ದು ಎದ್ದು ಕಾಣುತ್ತದೆ. ಮಂಜು ಕವಿದಾಗಲೂ ಹೀಗೇ ಹಿಡಿದರೆ ಬೆಳಕು ಕಣ್ಣಿಗೆ ತಿರುಗಿ ಹೊಡೆಯುವುದಿಲ್ಲ. ಇದಕ್ಕೆ ಕಾಸೂ ಬೇಡ, ಹೊಸ ಟಾರ್ಚೂ ಬೇಡ.

ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು, ಶುಕ್ರವಾರ ದೇವರ ದೀಪ ತೊಳೆಯುವಾಗಲೇ ಎನ್ನಿ, ಟಾರ್ಚುಗಳನ್ನೂ ಒಮ್ಮೆ ಒತ್ತಿ ನೋಡಿ ಚಾರ್ಜಿಗೆ ಹಾಕಿ. ಊರಿಗೆ ಹೋಗುವ ಮುನ್ನ ಸೆಲ್ಲು ತೆಗೆದಿಡಿ.

ಸತ್ತ ಸೆಲ್ಲನ್ನು ತಿಪ್ಪೆಗೆ ಎಸೆಯುವುದು, ಒಲೆಗೆ ಹಾಕುವುದು ಎರಡೂ ಬೇಡ. ತಿಪ್ಪೆ ನಾಳೆ ಹೊಲಕ್ಕೆ ಹೋಗುತ್ತದೆ, ಒಲೆಯಲ್ಲಿ ಸಿಡಿಯುತ್ತದೆ. ಬ್ಯಾಟರಿ ತಯಾರಿಸುವವರೇ ಹಳೆಯದನ್ನು ವಾಪಸು ಪಡೆಯುವ ಏರ್ಪಾಡು ಮಾಡಬೇಕೆಂದು 2022ರ ನಿಯಮ ಹೇಳುತ್ತದೆ. ತುದಿಗಳಿಗೆ ಟೇಪು ಅಂಟಿಸಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಪೇಟೆಗೆ ಹೋದಾಗ ಕೊಂಡ ಅಂಗಡಿಯಲ್ಲೇ ಕೊಟ್ಟುಬನ್ನಿ. ತಗೊಳ್ಳುವುದಿಲ್ಲ ಎಂದರೆ ಪಂಚಾಯ್ತಿಯ ಒಣಕಸದ ಗಾಡಿಯವರಿಗೆ, ಬೇರೆ ಕಸದೊಳಗೆ ಬೆರೆಸದೆ, ಹೇಳಿ ಕೊಡಿ.